ಕೃಪಾಂಕದ ಸಿಪಾಯಿ

ಸ್ಕಂದಗಿರಿಯ ಬುಡ, ಕಳವಾರದ ದಾರಿ. ಬೆಳಗಿನ ಜಾವ ಬೆಂಗಳೂರಿನ ಕಾರುಗಳು ಮೋಡ ನೋಡೋಕೆ ಬರ್ತವೆ. ಅದೇ ಹೊತ್ತಿಗೆ ಸುತ್ತಿನ ಕೇರಿಗಳ ಹುಡುಗರು ಓಡ್ತಿರ್ತಾರೆ. ಅವರಿಗೆ ಮೋಡ ಬೇಕಿಲ್ಲ, ಮಿಲಿಟರಿ ಬೇಕು. 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಓಟಕ್ಕೆ ಪೂರ್ತಿ ಅಂಕ.

ಒಬ್ಬನನ್ನು ಕೇಳಿದೆ: ಹಿಂಗೇ ಓಡಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಆಯ್ತಪ್ಪ? ಅವನು ನಕ್ಕ. ‘ಓಡು ಅನ್ನಿ ಸಾರ್, ಓಡ್ತೀನಿ. ಲೆಕ್ಕ ಮಾತ್ರ ಕೇಳಬೇಡಿ.’

ಸುಮಾರು ಹದಿನೇಳೂವರೆ ಕಿಲೋಮೀಟರು. ಅವನ ಕಾಲಿಗೆ ಗೊತ್ತಿರುವ ಲೆಕ್ಕ ಕೈಗೆ ಬಂದಿಲ್ಲ. ಅವನು ಎಸ್ಸೆಸ್ಸೆಲ್ಸಿ ಪಾಸಾದವನು.

ಇಂಥ ಹುಡುಗ ಸೈನ್ಯಕ್ಕೆ ಯೋಗ್ಯನೇ ಅಂತ ದೊಡ್ಡವರು ಕೇಳ್ತಾರೆ. ನನ್ನ ಪ್ರಶ್ನೆ ಬೇರೆ. ಕಲಿಸದೆ ಇದ್ದವರಿಗೆ ‘ನೀನು ಯೋಗ್ಯನಲ್ಲ’ ಅನ್ನುವ ಹಕ್ಕು ಎಲ್ಲಿಂದ ಬಂತು?

ನಮ್ಮ ರಾಜ್ಯದಲ್ಲಿ ಬಹುಕಾಲ ಮೂವತ್ತೈದು ಬಂದರೆ ಪಾಸು. 2022ರಲ್ಲಿ ಬಂದ ಅಗ್ನಿಪಥದಲ್ಲಿ ಸಾಮಾನ್ಯ ಸಿಪಾಯಿಯಾಗಲು ಹತ್ತನೇ ತರಗತಿಯಲ್ಲಿ ಒಟ್ಟು ಶೇಕಡಾ 45 ಬೇಕು. ನಲವತ್ತು ತೆಗೆದ ಹುಡುಗ ಒಂದು ಸರ್ಕಾರಕ್ಕೆ ಪಾಸು, ಇನ್ನೊಂದಕ್ಕೆ ನಪಾಸು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಣು ಬಂತು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಬಿತ್ತು. ಅದೂ ಕೃಪಾಂಕವನ್ನು ಶೇಕಡಾ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ!

ಕೃಪಾಂಕ! ಈ ಪದವನ್ನು ಒಮ್ಮೆ ಬಾಯಲ್ಲಿಟ್ಟು ನೋಡಿ. ಕಲಿಕೆ ನಮ್ಮ ಹಕ್ಕಾಗಿತ್ತು. ಅದನ್ನು ಕೊಡಲಿಲ್ಲ. ಬದಲಿಗೆ ಕೃಪೆ ಕೊಟ್ಟರು. ಹಿಂದೆ ಹಿತ್ತಲ ಬಾಗಿಲಲ್ಲಿ ತಂಗಳು ಹಾಕುತ್ತಿದ್ದರು, ಈಗ ಅಂಕಪಟ್ಟಿಯಲ್ಲಿ ಹಾಕ್ತಾರೆ.

ಚರಿತ್ರೆಯಲ್ಲಿ ಇದು ತಿರುಗುಮುರುಗಾಗಿ ನಡೆದದ್ದುಂಟು. ಊರ ಶಾಲೆ ಬಾಗಿಲು ಹಾಕಿದ್ದಾಗ ಮಹಾರರಿಗೆ ಅಕ್ಷರ ಕೊಟ್ಟದ್ದು ಬ್ರಿಟಿಷರ ಪಾಳೆಯದ ಶಾಲೆ. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದ ಶಾಲೆಯ ಮೇಷ್ಟ್ರು. ಬಾಬಾಸಾಹೇಬರು 1891ರಲ್ಲಿ ಹುಟ್ಟಿದ್ದೇ ಮಹೂ ದಂಡಿನಲ್ಲಿ. ಆ ದಶಕದಲ್ಲೇ ಮಹಾರರ ಭರ್ತಿ ನಿಂತಿತು. ಮಹಾರ್ ರೆಜಿಮೆಂಟ್ ಎದ್ದದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಅಂದು ಬಂದೂಕು ಹಿಡಿದವನ ಮನೆಗೆ ಪುಸ್ತಕ ಬಂತು. ಇಂದು ಪುಸ್ತಕ ಓದಿ ಬಾ, ಆಮೇಲೆ ಬಂದೂಕು ಅಂತಾರೆ. ತಪ್ಪೇನಿಲ್ಲ. ಆದರೆ ಆ ಪುಸ್ತಕ ಓದಿಸುವ ಹೊಣೆ ಯಾರದು?

ಹಾಗಾದರೆ ಸೈನ್ಯದವರೂ ಅಂಕ ಇಳಿಸಲಿ ಅಂತ ನಮ್ಮ ಕೆಲವು ಗೆಳೆಯರೇ ಹೇಳ್ತಾರೆ. ನಾನು ಒಪ್ಪಲ್ಲ. ನಕ್ಷೆ ಓದಲು ಬಾರದ ಸಿಪಾಯಿ ತಾನೂ ಸಾಯ್ತಾನೆ, ಜೊತೆಗಾರನನ್ನೂ ಸಾಯಿಸ್ತಾನೆ. ಈ ಹುಡುಗನಿಗೆ ಸ್ಕಂದಗಿರಿಯ ಒಂದೊಂದು ಬಂಡೆಯೂ ಗೊತ್ತು. ನಕ್ಷೆಯಲ್ಲಿ ಒತ್ತೊತ್ತಾಗಿ ಸುತ್ತಿರುವ ಗೆರೆಗಳೇ ಆ ಕಡಿದಾದ ಬೆಟ್ಟ ಅಂತ ಯಾರೂ ಬೆರಳಿಟ್ಟು ತೋರಿಸಿಲ್ಲ. ಬೆಟ್ಟ ಅವನದೇ, ಗೆರೆ ಮಾತ್ರ ಬೇರೆಯವರದಾಗಿ ಉಳಿದಿದೆ. ಭಾಷೆಯ ಕಥೆಯೂ ಅಷ್ಟೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಸೈನ್ಯದ ಆನ್‌ಲೈನ್ ಪರೀಕ್ಷೆ ಕನ್ನಡಕ್ಕೆ ಬಂದದ್ದು 2025ರಲ್ಲಿ.

ಇನ್ನೊಂದು ಮಾತಿದೆ. ಅಗ್ನಿವೀರನಿಗೆ ನಾಲ್ಕೇ ವರ್ಷ. ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನ ಸೈನ್ಯದಲ್ಲಿ ಉಳೀತಾರೆ. ಮಿಕ್ಕವರು ಹರೆಯದಲ್ಲೇ ಊರಿಗೆ ವಾಪಸ್. ಆಗ ಕೈ ಹಿಡಿಯೋದು ಓಟವಲ್ಲ, ಓದು. ಒಳಗೆ ಹೋಗಲು ಎಷ್ಟು ಓದು ಬೇಕೋ ಹೊರಗೆ ಬಂದು ಬದುಕಲು ಅದಕ್ಕಿಂತ ಹೆಚ್ಚು ಬೇಕು.

ಓದಿದವನ ಮಗ ಸೈನ್ಯಕ್ಕೆ ಹೋಗಬಹುದು, ಹೋಗದೇ ಇರಬಹುದು. ಅದು ಆಯ್ಕೆ. ನಮ್ಮ ಹುಡುಗನಿಗೆ ಇರೋದು ಒಂದೇ ದಾರಿ, ಅದಕ್ಕೂ ಗೇಟು. ‘ಬೇಡ’ ಅನ್ನುವ ಶಕ್ತಿ ಇಲ್ಲದವನು ‘ಹೂಂ’ ಅಂದರೆ ಅದನ್ನು ದೇಶಭಕ್ತಿ ಅಂತ ಕರೆಯೋಕೆ ನನಗೆ ನಾಚಿಕೆಯಾಗುತ್ತೆ.

ನಾಳೆ ಬೆಳಿಗ್ಗೆಯೂ ಅವನು ಓಡ್ತಾನೆ. ಅವನ ಕಾಲು ತನ್ನ ಕೆಲಸ ಮಾಡಿದೆ. ಹತ್ತು ವರ್ಷ ಅವನನ್ನು ಬೆಂಚಿನ ಮೇಲೆ ಕೂರಿಸಿಕೊಂಡವರು ತಮ್ಮ ಕೆಲಸ ಮಾಡಿದರಾ? ಉತ್ತರ ಪತ್ರಿಕೆ ಅವರದು. ತಿದ್ದೋರು ನಾವಾಗಬೇಕು. ಕೃಪಾಂಕ ಇಲ್ಲದೆ.