ಹೂಪ್ರಸಾದಕ್ಕೆ ಕೇಳಬಹುದಾದ ಪ್ರಶ್ನೆ

ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ದೊಡ್ಡ ತೀರ್ಮಾನಕ್ಕೆ ಮೊದಲು ದೇವರ ಹತ್ತಿರ ಪ್ರಸಾದ ಕೇಳುವ ಪದ್ಧತಿ ಇನ್ನೂ ಬಿಟ್ಟುಹೋಗಿಲ್ಲ. ಪೂಜಾರಿ ವಿಗ್ರಹದ ಎರಡೂ ಬದಿಗೆ ಒದ್ದೆ ಹೂವು ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ನಿಲ್ಲುತ್ತಾರೆ. ಬಲಗಡೆಯದು ಉದುರಿದರೆ ಆಗಬಹುದು, ಎಡಗಡೆಯದಾದರೆ ಬೇಡ. ಹೆಣ್ಣು ಕೊಡುವುದು, ಬೋರು ಕೊರೆಸುವುದು, ತೋಟ ಮಾರುವುದು ಎಷ್ಟೋ ಕಡೆ ಹೀಗೇ ತೀರ್ಮಾನವಾಗಿವೆ. ಸ್ತನದಲ್ಲಿ ಗಂಟು ಸಿಕ್ಕಿ, ಬಯಾಪ್ಸಿ ರಿಪೋರ್ಟಿನಲ್ಲಿ ‘ಟ್ರಿಪಲ್ ನೆಗೆಟಿವ್’ ಎಂದು ಬಂದಾಗ ಕೀಮೋ ಕೊಡಿಸುವುದೋ ಬೇಡವೋ ಎಂಬುದೂ ಅದೇ ಹೂವಿನ ಮುಂದೆ ಹೋದರೆ ಅಚ್ಚರಿಯೇನಿಲ್ಲ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆ ಸುಲಭದಲ್ಲಿ ನನಗೆ ಆಸಕ್ತಿಯಿಲ್ಲ. ದೇವರನ್ನು ಕೇಳುವುದರಲ್ಲಿ ತಪ್ಪಿಲ್ಲ. ಯಾವುದನ್ನು ಕೇಳಬಹುದು, ಯಾರು ಕೇಳಬೇಕು ಎಂಬಲ್ಲಿ ನಾವು ಎಡವುತ್ತಿದ್ದೇವೆ.

ಮೊದಲು ದಾರಿ ತಪ್ಪಿಸುವುದು ‘ನೆಗೆಟಿವ್’ ಎಂಬ ಮಾತೇ. ಕೊರೊನಾ ಬಂದಾಗಿನಿಂದ ನೆಗೆಟಿವ್ ಅಂದರೆ ಬಚಾವಾದೆವು ಎಂದು ನಮ್ಮ ಕಿವಿಗೆ ರೂಢಿ. ಇಲ್ಲಿ ಅದರ ಅರ್ಥ ಬೇರೆ: ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜನ್ ಗ್ರಾಹಕ ಇಲ್ಲ, ಪ್ರೊಜೆಸ್ಟರಾನ್ ಗ್ರಾಹಕ ಇಲ್ಲ, ಹರ್-2 ಪ್ರೋಟೀನೂ ಹೆಚ್ಚಿಲ್ಲ. ಹಾಗಾಗಿ ಬೇರೆ ಸ್ತನ ಕ್ಯಾನ್ಸರಿಗೆ ವರ್ಷಗಟ್ಟಲೆ ನುಂಗಿಸುವ ಹಾರ್ಮೋನ್ ಮಾತ್ರೆಯೂ ಹರ್-2 ಮೇಲೆ ಎರಗುವ ಟ್ರಾಸ್ಟುಜುಮ್ಯಾಬೂ ಇದಕ್ಕೆ ನಾಟುವುದಿಲ್ಲ. ಡಾಕ್ಟರು ಹೇಳಿದ್ದು ಮೂರು ‘ಇಲ್ಲ’. ಮನೆಯವರಿಗೆ ಕೇಳಿಸುವುದು ನಾಲ್ಕನೆಯದು, ಔಷಧಿಯೇ ಇಲ್ಲ ಎಂದು. ನಮ್ಮ ಹಳೆಯ ತಾರ್ಕಿಕರು ಈ ಜಾರಿಕೆಯನ್ನು ಒಪ್ಪುತ್ತಿರಲಿಲ್ಲ. ವೈಶೇಷಿಕರು ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದರು. ಕುಮಾರಿಲ ಭಟ್ಟನ ಮೀಮಾಂಸೆಯಲ್ಲಿ ಅನುಪಲಬ್ಧಿ ಒಂದು ಪ್ರಮಾಣ. ನೆಲದ ಮೇಲೆ ಮಡಕೆ ಇಲ್ಲವೆಂದು ಕಂಡುಕೊಂಡವನಿಗೆ ಏನೋ ತಿಳಿದಂತಾಯಿತು. ರಿಪೋರ್ಟಿನ ಮೂರು ಇಲ್ಲಗಳೂ ಅಂಥ ತಿಳಿವಳಿಕೆಯೇ. ದಾರಿ ಎಲ್ಲಿದೆ ಎಂದು ಅವೇ ಹೇಳುತ್ತವೆ. ಬೇಗ ಬೆಳೆಯುವ ಈ ಗೆಡ್ಡೆ ಕೀಮೋಗೆ ಬೇಗ ಕರಗುವುದೂ ಉಂಟು. ಅದಕ್ಕೇ ತೀರ ಚಿಕ್ಕದಲ್ಲದ ಗೆಡ್ಡೆಗೆ ಈಗ ಕೀಮೋ ಮೊದಲು, ಆಪರೇಷನ್ ಆಮೇಲೆ. ಅನೇಕರಲ್ಲಿ ಆಪರೇಷನ್ ಹೊತ್ತಿಗೆ ಗೆಡ್ಡೆಯ ಗುರುತೇ ಉಳಿದಿರುವುದಿಲ್ಲ. ಮರುಕಳಿಸುವ ಭಯ ಮೊದಲ ಮೂರು ವರ್ಷ ಹೆಚ್ಚು. ಐದು ದಾಟಿದ ಮೇಲೆ ಬಹಳ ತಗ್ಗುತ್ತದೆ.

ಇಷ್ಟಾದರೂ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಮುಂದೇನು’ ಎಂಬುದಲ್ಲ. ‘ಯಾವ ಜನ್ಮದ ಕರ್ಮವೋ, ಯಾಕೆ ಬಂತೋ’ ಎಂಬುದು. ಈ ಬಗೆಯ ಕ್ಯಾನ್ಸರಿನಲ್ಲಿ ಕೆಲವರಿಗೆ ಬ್ರಾಕಾ-1 ಎಂಬ ಜೀನಿನ ದೋಷ ವಂಶದಿಂದ ಬಂದಿರುತ್ತದೆ. ಅದು ತಾಯಿಯ ಕಡೆಯಿಂದ ಬರುವಷ್ಟೇ ಸಲೀಸಾಗಿ ತಂದೆಯ ಕಡೆಯಿಂದಲೂ ಬರುತ್ತದೆ. ಆದರೆ ಬಂಧುಗಳ ಬಾಯಲ್ಲಿ ಅದು ‘ಅವಳ ತಾಯಿ ಕಡೆಯ ದೋಷ’ವಾಗಲು ಎರಡು ದಿನ ಸಾಕು. ಉಳಿದ ಬಹುಪಾಲು ಹೆಂಗಸರಲ್ಲಿ ಇದರಿಂದಲೇ ಬಂತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಕಾರಣದ ಈ ಖಾಲಿ ಜಾಗಕ್ಕೆ ಪಾಪ ಬಂದು ಕೂರುತ್ತದೆ. ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದಾಗ ಇದೇ ಜನ ಹೇಗೆ ನಡೆದುಕೊಳ್ಳುತ್ತಾರೆ ನೋಡಿ. ಕಾಂಡದ ಮೇಲೆ ಬೆರಳಾಡಿಸಿ ಉಬ್ಬುಗೆರೆ ಹುಡುಕುತ್ತಾರೆ. ದುಂಬಿ ಹಾರುವ ಏಪ್ರಿಲ್-ಮೇ ಅಥವಾ ಅಕ್ಟೋಬರ್-ಡಿಸೆಂಬರ್ ಬರುವುದರೊಳಗೆ ಹುಳ ಹಿಡಿದ ಗಿಡ ಕಿತ್ತು ಸುಡುತ್ತಾರೆ. ಗಿಡ ಹೋದ ಜನ್ಮದಲ್ಲಿ ಏನು ಮಾಡಿತ್ತೆಂದು ಕೇಳಿದವರಿಲ್ಲ. ಹೆಂಗಸು ಗಿಡವಲ್ಲವಲ್ಲ ಎಂದರೆ, ಒಪ್ಪಿದೆ. ಗಿಡದ ಒಪ್ಪಿಗೆ ಯಾರಿಗೂ ಬೇಡ, ಇವಳದು ಬೇಕು. ಹೋಲಿಕೆ ಅಲ್ಲಿಗೆ ಮುಗಿಯಿತು. ಕರ್ಮವನ್ನು ಗಟ್ಟಿಯಾಗಿ ನಂಬುವವರೂ ಯೋಗವಾಸಿಷ್ಠದ ಮುಮುಕ್ಷು ಪ್ರಕರಣವನ್ನು ನೋಡಬೇಕು. ದೈವವೆಂದರೆ ಹಿಂದೆ ಮಾಡಿದ ಪ್ರಯತ್ನವೇ ಹೊರತು ಬೇರೇನಲ್ಲ ಎಂದು ಅದು ಪಟ್ಟು ಹಿಡಿಯುತ್ತದೆ. ಹಿಂದಿನದನ್ನೂ ಇಂದಿನದನ್ನೂ ಕಾದಾಡುವ ಎರಡು ಟಗರುಗಳಿಗೆ ಹೋಲಿಸುತ್ತದೆ. ಬಂದದ್ದಕ್ಕೆ ಪ್ರಾರಬ್ಧ ಕಾರಣವೆಂದೇ ಇಟ್ಟುಕೊಂಡರೂ, ಮುಂದೆ ಮಾಡಬೇಕಾದ್ದರ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ‘ಯಾಕೆ’ ಎಂಬುದು ಇತ್ಯರ್ಥವಾಗುವವರೆಗೆ ‘ಮುಂದೇನು’ ಎಂಬುದನ್ನು ಕಾಯಿಸಬೇಕೆಂದು ಯಾವ ಶಾಸ್ತ್ರವೂ ಕಟ್ಟಳೆ ಹಾಕಿದಂತೆ ಕಾಣೆ.

ಒಬ್ಬ ಬುದ್ಧಿವಂತ ಇಲ್ಲೊಂದು ಗಟ್ಟಿ ಆಕ್ಷೇಪ ಎತ್ತಬಹುದು. ಡಾಕ್ಟರಿಗೂ ಈ ಒಬ್ಬಳ ವಿಷಯದಲ್ಲಿ ಖಚಿತವಾಗಿ ಏನೂ ಗೊತ್ತಿಲ್ಲ, ಅವರು ಹೇಳುವುದು ನೂರಕ್ಕೆ ಇಷ್ಟು ಎಂದು. ಹೂವೂ ಒಂದು ಅಂದಾಜು, ಅದೂ ಒಂದು ಅಂದಾಜು, ಹೆಚ್ಚೇನು? ಹೆಚ್ಚು ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಈ ಕಾಯಿಲೆಯ 720 ಹೆಂಗಸರನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದ ಫಲ 2022ರಲ್ಲಿ ಹೊರಬಂತು. ಮಾಮೂಲಿ ಕೀಮೋ ಜತೆಗೆ ಕಾರ್ಬೋಪ್ಲಾಟಿನ್ ಎಂಬ ಹಳೆಯ, ದುಬಾರಿಯಲ್ಲದ ಔಷಧಿ ಸೇರಿಸಿದಾಗ, 50 ದಾಟದವರಲ್ಲಿ ಐದು ವರ್ಷದ ನಂತರ ಉಳಿದಿದ್ದವರು ನೂರಕ್ಕೆ ಸುಮಾರು 66 ಇದ್ದದ್ದು 77 ಆಯಿತು. 50 ದಾಟಿದವರಲ್ಲಿ ಆ ಲಾಭ ಕಾಣಲಿಲ್ಲ, ಮತ್ತು ಅದನ್ನೂ ಹೇಳಿದರು. ಹೂವು ವಯಸ್ಸು ಕೇಳುವುದಿಲ್ಲ. ಸೋತ ಲೆಕ್ಕ ಬರೆದಿಡುವುದೂ ಇಲ್ಲ. ‘ಕೊಯ್ಲು ಮುಗೀಲಿ’, ‘ಸುಗ್ಗಿ ಕಳೀಲಿ’ ಎಂದು ಮುಂದೂಡುವವರಿಗೂ ಲೆಕ್ಕವಿದೆ: ಕ್ಯಾಲಿಫೋರ್ನಿಯಾದ ಸುಮಾರು 25 ಸಾವಿರ ಹೆಂಗಸರ ದಾಖಲೆ ತೆಗೆದು ನೋಡಿದಾಗ, ಆಪರೇಷನ್ ಆಗಿ ಮೂರು ತಿಂಗಳು ದಾಟಿಸಿ ಕೀಮೋ ಹಿಡಿದವರು ಉಳಿಯುವ ಸಾಧ್ಯತೆ ತಗ್ಗಿತ್ತು, ಟ್ರಿಪಲ್ ನೆಗೆಟಿವ್ ಆದವರಲ್ಲಿ ಇನ್ನೂ ಹೆಚ್ಚು. ಪ್ರಸಾದದಿಂದ ಧೈರ್ಯ ಬರುತ್ತದಲ್ಲ ಎನ್ನುವವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕಿಸಿಕೊಳ್ಳುವವಳಿಗೆ ಧೈರ್ಯ ಎಲ್ಲಿಂದ ಬಂದರೂ ಒಳ್ಳೆಯದೇ. ಆದರೆ ಎಡಗಡೆ ಹೂವು ಬಿದ್ದ ದಿನ ಆ ಧೈರ್ಯದ ಗತಿಯೇನು? ಸಂಖ್ಯೆ ಒಂದು ಕಡೆ ಇಷ್ಟು ವಾಲಿರುವಾಗ ದೇವರನ್ನು ಮತ್ತೆ ಕೇಳುವುದೆಂದರೆ, ಆತ ಕೊಟ್ಟ ಬುದ್ಧಿಯ ಮೇಲೆ ಆತನ ಹತ್ತಿರವೇ ದೂರು ಕೊಟ್ಟ ಹಾಗೆ.

ಎರಡು ತಟ್ಟೆಯೂ ಸಮ ತೂಗುವ ಪ್ರಶ್ನೆಗಳೂ ಈ ಕಾಯಿಲೆಯಲ್ಲಿ ಇವೆ. ಸ್ತನ ಪೂರ್ತಿ ತೆಗೆಸುವುದೋ, ಗೆಡ್ಡೆಯನ್ನಷ್ಟೇ ತೆಗೆಸಿ ರೇಡಿಯೇಷನ್ ಕೊಡಿಸುವುದೋ? ಮಿಲಾನಿನದೂ ಅಮೆರಿಕದ್ದೂ, 20 ವರ್ಷ ಹಿಂಬಾಲಿಸಿ ನೋಡಿ 2002ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಬದುಕುಳಿಯುವುದರಲ್ಲಿ ವ್ಯತ್ಯಾಸವಿಲ್ಲ ಎಂದವು. ಗೆಡ್ಡೆಯಷ್ಟೇ ಸಾಕೆಂದರೆ ವಾರಗಟ್ಟಲೆ ದಿನಾ ರೇಡಿಯೇಷನ್. ಬೆಟ್ಟದ ಮೇಲಿನ ಮನೆಯಿಂದ 200 ಕಿ.ಮೀ. ಮೀರಿದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಘಾಟಿ ಇಳಿದು ಮಂಗಳೂರಿಗೋ ಹೋಗಿ ರೂಮು ಹಿಡಿಯಬೇಕು. ಪೂರ್ತಿ ತೆಗೆಸಿದರೆ ಆ ಓಡಾಟ ಕೆಲವರಿಗೆ ತಪ್ಪಬಹುದು, ಆದರೆ ಕನ್ನಡಿ ದಿನಾ ಎದುರಿಗಿರುತ್ತದೆ. ಊನವಾದ ಮೈ ಅಶುಭ ಎನ್ನುವವರು ಹೇಮಾವತಿ ದಂಡೆಯ ಸಕಲೇಶ್ವರನನ್ನು ನೆನೆಯಲಿ. ಸ್ಥಳಪುರಾಣದ ಪ್ರಕಾರ ಅಲ್ಲಿನ ಲಿಂಗದಲ್ಲಿ ಒಂದು ಚೂರು ಒಡೆದಿತ್ತು; ಶಕಲವೆಂದರೆ ತುಂಡು, ಊರಿನ ಹೆಸರು ಬಂದದ್ದೇ ಆ ಮುಕ್ಕಿನಿಂದ. ಭಿನ್ನವಾದ ವಿಗ್ರಹ ಪೂಜೆಗೆ ಸಲ್ಲದು ಎಂದು ಆಗಮ ಬಲ್ಲವರು ಎದುರು ಹೇಳಬಹುದು. ಕಟೆದ ಪ್ರತಿಮೆಗೆ ಆ ಮಾತು. ಉದ್ಭವಲಿಂಗಕ್ಕೆ ಆಗಮವೇ ಅದನ್ನು ಸಡಿಲಿಸಿದೆ. ಹೆಣ್ಣಿನ ಮೈಯನ್ನು ಯಾವ ಶಿಲ್ಪಿ ಕಟೆದಿದ್ದಾನೆ? ತೆಗೆಸಬೇಕೋ ಉಳಿಸಿಕೊಳ್ಳಬೇಕೋ ಎಂಬುದಕ್ಕೆ ಬೇಕಾದರೆ ಹೂವು ಕೇಳಲಿ, ಯಾವ ಕಡೆ ಬಿದ್ದರೂ ಜೀವಕ್ಕೆ ಮೋಸವಿಲ್ಲ. ಈಗ ನಡೆಯುವುದು ಹಾಗಲ್ಲ. ಒಳಗೆ ಕೈಮುಗಿದು ನಿಂತಿರುವವನು ಗಂಡನೋ ಭಾವನೋ. ಅವಳು ಹೊರಗೆ ಕಟ್ಟೆಯ ಮೇಲೆ ರಿಪೋರ್ಟಿನ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾಳೆ. ಮನಸ್ಸಿನಲ್ಲೇ ಕೇಳುವ ಪ್ರಶ್ನೆಯಾದ್ದರಿಂದ, ತನ್ನ ಬಗ್ಗೆ ಏನು ಕೇಳಿದರು ಎಂಬುದೂ ಅವಳಿಗೆ ತಿಳಿಯುವುದಿಲ್ಲ.