ಹೆಸರು ಒಂದು, ವಿಳಾಸ ಎರಡು

ಹಗಲು ಕಂಪನಿಗಾಗಿ ಕೋಡ್ ಬರೆಯುವ ಪ್ರೋಗ್ರಾಮರ್ ರಾತ್ರಿ ತನ್ನ ಖುಷಿಗೆ, ಕನ್ನಡದ ಕಾಗುಣಿತ ತಿದ್ದುವ ಒಂದು ತಂತ್ರಾಂಶ ಕಟ್ಟುತ್ತಾಳೆ ಎನ್ನಿ. ಎರಡೂ ಕೆಲಸ, ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ದಾಖಲಾಗುತ್ತವೆ. ಎರಡಕ್ಕೂ ಬೇರೆ ಬೇರೆ ಇಮೇಲ್ ವಿಳಾಸ ಇರಬೇಕೇ? ಬರೀ ಸೆಟ್ಟಿಂಗ್ ವಿಚಾರ ಎಂದು ಹೆಚ್ಚಿನವರು ಇದನ್ನು ತಳ್ಳಿಹಾಕುತ್ತಾರೆ. ಮಾಡಿದ ಕೆಲಸಕ್ಕೆ ಯಾವ ನೆಲೆಯಲ್ಲಿ ನಿಂತು ಉತ್ತರ ಕೊಡುತ್ತೇವೆ ಎಂಬ ಪ್ರಶ್ನೆ ಇದರೊಳಗಿದೆ ಎಂದು ನಾನು ನಂಬಿದ್ದೇನೆ.

ಲಿನಕ್ಸ್ ಕರ್ನಲ್‌ನ ಕೆಲಸಕ್ಕೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ಯಾರ ಗುರುತಿನ ಚೀಟಿಯನ್ನೂ ಕೇಳುವುದಿಲ್ಲ. ನೀವು ಕೊಟ್ಟ ಹೆಸರು, ಇಮೇಲನ್ನು ಹಾಗೆಯೇ ಬರೆದುಕೊಳ್ಳುತ್ತದೆ. ಪಕ್ಕದಲ್ಲಿ ಸಮಯವನ್ನೂ ಹಾಕುತ್ತದೆ; ಭಾರತದಲ್ಲಿ ಕೂತು ಬರೆದಿದ್ದರೆ ಅದರ ಮುಂದೆ ಪ್ಲಸ್ 0530 ಎಂಬ ಕಾಲವಲಯ. ನಂಬುವುದರಲ್ಲಿ ಇಷ್ಟು ಉದಾರಿಯಾದ ಗಿಟ್ ಮರೆಯುವುದರಲ್ಲಿ ಬಲು ಬಿಗಿ. ಹೀಗೆ ದಾಖಲಾದ ಪ್ರತಿ ಬದಲಾವಣೆ ಒಂದು ಕಮಿಟ್; ಅದರ ಗುರುತಾದ ಹ್ಯಾಶ್‌ನ ಲೆಕ್ಕಕ್ಕೆ ಈ ಹೆಸರು, ವಿಳಾಸಗಳೂ ಸೇರುತ್ತವೆ. ಹಳೆಯ ಕಮಿಟ್ ಒಂದರ ಇಮೇಲ್ ತಿದ್ದಿದರೆ ಅದರದ್ದಷ್ಟೇ ಅಲ್ಲ, ಅದರ ಮೇಲೆ ನಿಂತ ಎಲ್ಲ ಕಮಿಟ್‌ಗಳ ಹ್ಯಾಶೂ ಬದಲಾಗುತ್ತದೆ. ಕೆಲಸ ಬಿಟ್ಟ ದಿನ ಆಫೀಸಿನ ಮೇಲ್‌ಬಾಕ್ಸ್ ಮುಚ್ಚುತ್ತದೆ, ಆ ವಿಳಾಸ ಮಾತ್ರ ಕೋಡ್ ಇರುವಷ್ಟು ಕಾಲ ಉಳಿಯುತ್ತದೆ. ಹವ್ಯಾಸದ ಕೋಡ್‌ಗೆ ಅದು ಅಂಟಿದ್ದರೆ, ಹತ್ತು ವರ್ಷದ ಮೇಲೆ ದೋಷ ಕಂಡವರು ಬರೆದ ಪತ್ರ ಯಾರಿಗೂ ತಲುಪುವುದಿಲ್ಲ.

ಮನುಷ್ಯ ಒಬ್ಬನೇ ಇರುವಾಗ ಗುರುತು ಎರಡೇಕೆ, ಇದು ಮುಖವಾಡವಲ್ಲವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ಹಗುರವಾದದ್ದಲ್ಲ. ಹಿಂದೆ ಮಾಡಿದ್ದನ್ನು ಇಂದು ತನ್ನದೆಂದು ಒಪ್ಪಿ ಅದಕ್ಕೆ ಬಾಧ್ಯನಾಗುವುದರಲ್ಲೇ ವ್ಯಕ್ತಿಯ ಏಕತೆ ಇದೆ ಎಂದು ತತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ವಾದಿಸಿದ್ದ. ನಾನು ಲಾಕ್‌ನ ಪಕ್ಷ. ಆದರೆ ಬಾಧ್ಯತೆಗಳು ಬೇರೆಯಾದಾಗ ಅವನ್ನು ಬೇರೆಯೆಂದೇ ನಮೂದಿಸುವುದು ಆ ಏಕತೆಗೆ ತಕ್ಕ ನಡೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಈ ಎಳೆಗಳನ್ನು ಬಿಡಿಸಿ ನೋಡುತ್ತದೆ. ನೌಕರಿಯ ಭಾಗವಾಗಿ ರಚಿಸಿದ್ದರ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, 17ನೇ ಸೆಕ್ಷನ್ ಪ್ರಕಾರ ಮಾಲೀಕನದು. ರಚಿಸಿದ್ದು ನಾನು ಎಂದು ಹೇಳಿಕೊಳ್ಳುವ ಹಕ್ಕು, ಒಡೆತನ ಕೈಬಿಟ್ಟ ಮೇಲೂ, 57ನೇ ಸೆಕ್ಷನ್‌ನಡಿ ಕರ್ತೃವಿನದೇ. ಹಾಗಾಗಿ ಹೆಸರು ಎರಡೂ ಕಡೆ ಒಂದೇ ಇರಲಿ, ವಿಳಾಸ ಮಾತ್ರ ಬೇರೆಯಾಗಲಿ. ಹೆಸರು ಕರ್ತೃವನ್ನು ತೋರಿಸುತ್ತದೆ, ವಿಳಾಸ ಆಕೆ ಯಾವ ನೆಲೆಯಲ್ಲಿ ಬರೆದಳೆಂಬುದನ್ನು.

ಹೆಸರೇ ಬೇರೆಯಾದರೂ ಅದು ಮೋಸವಾಗಬೇಕಿಲ್ಲ. ಮಾಸ್ತಿ ಮೈಸೂರು ಸಂಸ್ಥಾನದ ದೊಡ್ಡ ಅಧಿಕಾರಿಯಾಗಿದ್ದರು, ಕಥೆಗಳನ್ನು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರು. ಇಬ್ಬರೂ ಒಬ್ಬರೇ ಎಂಬುದು ಓದುಗರಿಗೆ ಗೊತ್ತಿತ್ತು. ಅದನ್ನು ಯಾರೂ ಮೋಸ ಎನ್ನಲಿಲ್ಲ. ಕಾವ್ಯನಾಮವನ್ನೇ ಬಳಸುವ ಪ್ರೋಗ್ರಾಮರ್‌ಗಳಿಗೂ ಈ ನ್ಯಾಯ ಸಲ್ಲಬೇಕು. ಲಿನಕ್ಸ್ ಕರ್ನಲ್‌ನ ನಿಯಮ ಬಹುಕಾಲ ನಿಜನಾಮವನ್ನೇ ಕೇಳುತ್ತಿತ್ತು, ಗುಪ್ತನಾಮ ಸಲ್ಲದು ಎನ್ನುತ್ತಿತ್ತು. 2023ರಲ್ಲಿ ಅದನ್ನು ಸಡಿಲಿಸಿ, ಪರಿಚಿತ ಗುರುತಿದ್ದರೆ ಸಾಕು, ಅನಾಮಿಕರಾಗಿರಬಾರದು ಎಂದರು. ನನಗಿದು ಸರಿಯಾದ ತಿದ್ದುಪಡಿ. ಸಮುದಾಯಕ್ಕೆ ಬೇಕಾದದ್ದು ಕೇಳಿದಾಗ ಓಗೊಡುವ ಮನುಷ್ಯ. ಜನನ ಪ್ರಮಾಣಪತ್ರ ಕಟ್ಟಿಕೊಂಡು ಏನಾಗಬೇಕು?

ಆಚರಣೆ ಸುಲಭ. ಗಿಟ್‌ನ ‘ಇನ್‌ಕ್ಲೂಡ್‌ಇಫ್’ ಸೌಲಭ್ಯದಿಂದ ಕೆಲಸದ ಫೋಲ್ಡರ್‌ಗೆ ಒಂದು ವಿಳಾಸ, ಸ್ವಂತದ ಫೋಲ್ಡರ್‌ಗೆ ಇನ್ನೊಂದು ಎಂದು ಒಮ್ಮೆ ಬರೆದಿಟ್ಟರಾಯಿತು. ‘ಯೂಸ್‌ಕಾನ್ಫಿಗ್‌ಓನ್ಲಿ’ ಆಯ್ಕೆಯನ್ನೂ ಹಾಕಿ, ಎಲ್ಲೆಡೆಗೂ ಅನ್ವಯಿಸುವ ಇಮೇಲನ್ನು ತೆಗೆದುಬಿಟ್ಟರೆ, ವಿಳಾಸ ಗೊತ್ತುಮಾಡದ ಜಾಗದಲ್ಲಿ ಗಿಟ್ ಊಹಿಸಹೋಗದೆ ಕಮಿಟನ್ನೇ ನಿರಾಕರಿಸುತ್ತದೆ. ಈ ನಿರಾಕರಣೆ ನನಗೆ ಬಹಳ ಇಷ್ಟ. ದಣಿದ ರಾತ್ರಿಯಲ್ಲಿ ನಮ್ಮ ಪರವಾಗಿ ಊಹೆ ಮಾಡುವ ಯಂತ್ರಕ್ಕಿಂತ, ನೀನು ಯಾರಾಗಿ ಬರೆಯುತ್ತಿದ್ದೀಯೆ ಎಂದು ಕೇಳಿ ತಡೆಯುವ ಯಂತ್ರ ಮೇಲು.

ಇಷ್ಟು ಮಾಡಿದ ಮಾತ್ರಕ್ಕೆ ರಾತ್ರಿಯ ಕೋಡ್ ತನ್ನದೇ ಆಗಿಬಿಡುತ್ತದೆಂದು ಯಾರೂ ಭಾವಿಸಬಾರದು. ವಿಳಾಸ ಒಂದು ಹೇಳಿಕೆ, ಪುರಾವೆಯಲ್ಲ. ಬಿಡುವಿನಲ್ಲಿ ಬರೆದದ್ದೂ ಕಂಪನಿಗೇ ಸೇರುತ್ತದೆ ಎನ್ನುವ ಕರಾರಿಗೆ ಸಹಿ ಹಾಕಿದ್ದರೆ ಬೇರೆ ಇಮೇಲ್ ಅದನ್ನು ರದ್ದುಮಾಡದು. ಅಂಥ ಕರಾರುಗಳೇ ಅನ್ಯಾಯದವು, ಅವನ್ನು ಕೆಲಸಕ್ಕೆ ಸೇರುವ ಮೊದಲೇ ಪ್ರಶ್ನಿಸಬೇಕು. ರಾತ್ರಿಯ ಕೆಲಸಕ್ಕೆ ಕಂಪ್ಯೂಟರನ್ನೂ ಸ್ವಂತದ್ದೇ ಬಳಸಬೇಕು.