ಬಿರುಕಿಗೆ ಹಾಕಿದ ಬೆಳ್ಳಿ

ಊಟದ ತಟ್ಟೆ ಇರುವುದು ಯಾತಕ್ಕೆ? ಪ್ರಶ್ನೆ ತೀರಾ ಸರಳವಾಗಿ ಕಾಣುತ್ತದೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ಮಗಳ ಮದುವೆಯ ಸಾಮಾನಿನ ಪಟ್ಟಿ ಬರೆಯುವಾಗ ಇದನ್ನು ಕೇಳುವವರು ಕಡಿಮೆ. ಸ್ಟೀಲಿನ ಪಾತ್ರೆಗಳ ಕೆಳಗೆ ಬೆಳ್ಳಿಯ ತಟ್ಟೆ, ಲೋಟಗಳೂ ಸೇರಿಬಿಟ್ಟರೆ ತಂದೆಯ ಸಾಲ ಬೆಳೆಯುತ್ತದೆ. ತಟ್ಟೆ ಒಂದು ದಿನ ನೆಂಟರ ಕಣ್ಣಿಗೆ ಬಿದ್ದು ಅಲಮಾರು ಸೇರುತ್ತದೆ. ಸಾಲ ಮಾತ್ರ ಹೊರಗೇ ಉಳಿಯುತ್ತದೆ.

ಚಿನ್ನ, ಬೆಳ್ಳಿಯ ಪಾತ್ರೆಗಳಲ್ಲಿ ತಿನ್ನುವುದನ್ನೂ ಕುಡಿಯುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದು ನಿಮಗೆ ತಿಳಿದೇ ಇದೆ. ಮದಾಯಿನ್‌ನಲ್ಲಿ ಹುದೈಫಾ(ರ) ನೀರು ಕೇಳಿದಾಗ ಬೆಳ್ಳಿಯ ಪಾತ್ರೆಯಲ್ಲಿ ತಂದುಕೊಟ್ಟರು. ಅವರು ಅದನ್ನು ಎಸೆದುಬಿಟ್ಟರೆಂದು ಬುಖಾರಿಯಲ್ಲಿದೆ.

ಅದೇ ಗ್ರಂಥದಲ್ಲಿ ಇನ್ನೊಂದು ವರದಿಯೂ ಇದೆ. ಪ್ರವಾದಿವರ್ಯರ(ಸ) ಕುಡಿಯುವ ಬಟ್ಟಲು ಒಡೆದಾಗ ಅದರ ಬಿರುಕನ್ನು ಬೆಳ್ಳಿಯ ಸರಪಳಿಯಿಂದ ಬೆಸೆಯಲಾಯಿತು. ಒಂದು ಕಡೆ ಬೆಳ್ಳಿ ಬೇಡ, ಇನ್ನೊಂದು ಕಡೆ ಬೆಳ್ಳಿ ಇದೆ. ಇದು ವಿರೋಧವೇ? ಅಲ್ಲ. ಇಲ್ಲಿ ಬೆಳ್ಳಿ ಬಟ್ಟಲಿನ ಸೇವೆಗೆ ಬಂದಿದೆ. ಶಾಫಿಈ ವಿದ್ವಾಂಸರು ದುರಸ್ತಿಗೆ ಹಾಕಿದ ಅಲ್ಪ ಬೆಳ್ಳಿಯನ್ನೂ ಅಲಂಕಾರಕ್ಕೆ ಹಾಕಿದ ಹೇರಳ ಬೆಳ್ಳಿಯನ್ನೂ ಬೇರೆಬೇರೆಯಾಗಿಯೇ ಕಂಡರು.

ಹಾಗಾದರೆ ಸೌಂದರ್ಯವೇ ಬೇಡವೇ ಎಂದು ನೀವು ಕೇಳಬಹುದು. ನಮ್ಮ ಬೀದರಿನ ಕೆಲಸವನ್ನು ನೋಡಿರಿ. ಸತು, ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರುತ್ತಾರೆ. ಹೂಜಿಯ ಕೆಲಸವೆಲ್ಲ ಅಗ್ಗದ ಲೋಹದ್ದು. ಬೆಳ್ಳಿ ಬರಿಯ ಗೆರೆ. 1851ರ ಲಂಡನ್ ಪ್ರದರ್ಶನದಲ್ಲಿ ಈ ಕಲೆಯನ್ನು ಜಗತ್ತು ಕಂಡಿತು.

ಅದೇ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ಮೇಜಿನ ಬೆಳ್ಳಿ ಸಾಮಾನು ಎಲೆ, ಬಳ್ಳಿ, ಪ್ರಾಣಿಗಳ ಕೆತ್ತನೆಯಿಂದ ಭಾರವಾಗಿತ್ತು. ಕ್ರಿಸ್ಟೋಫರ್ ಡ್ರೆಸ್ಸರ್ (1834-1904) ಎಂಬ ವಿನ್ಯಾಸಗಾರರು ಬೇರೆಯೇ ಪ್ರಶ್ನೆ ಎತ್ತಿದರು. ಹೂಜಿ ತುಂಬಿದಾಗ ಹಿಡಿ ಕೈಗೆ ಹಗುರವೇ? ಬಗ್ಗಿಸಿದರೆ ನೀರು ಸಲೀಸಾಗಿ ಬೀಳುತ್ತದೆಯೇ? ಬೆಲೆಬಾಳುವ ಲೋಹವನ್ನು ಮಿತವಾಗಿಯೇ ಬಳಸಬೇಕೆಂದರು. ಅವರು ಬೆಳ್ಳಿಯನ್ನು ಬಿಡಲಿಲ್ಲ. ಅವರದು ಧರ್ಮದ ಆಜ್ಞೆಯಲ್ಲ, ಕಸುಬಿನ ವಿವೇಕ. ಆದರೂ ವಸ್ತು ಮನುಷ್ಯನ ಸೇವೆಗಿರಬೇಕೆಂಬ ಮಾತು ಅವರ ಕೈಕೆಲಸದಲ್ಲೂ ಕಾಣುತ್ತದೆ.

ಚೆಲುವಾದ ವಸ್ತುವನ್ನು ಇಟ್ಟುಕೊಳ್ಳುವುದು ಅಹಂಕಾರವಲ್ಲ; ಜನರನ್ನು ಕೀಳಾಗಿ ಕಾಣುವುದು ಅಹಂಕಾರ. ಮಣ್ಣಿನ ಕೊಡವೂ ಚೆಲುವಾಗಿರಬಹುದು. ಆದ್ದರಿಂದ ಪಟ್ಟಿ ಬರೆಯುವ ಮೊದಲು ಪ್ರತಿ ಸಾಮಾನಿನ ಮುಂದೆ ಕೇಳಿಕೊಳ್ಳಿ: ಇದು ಹಸಿದವನಿಗೆ ಉಣಿಸಲಿಕ್ಕೋ, ನೋಡುವವನಿಗೆ ತೋರಿಸಲಿಕ್ಕೋ? ಗಂಡಿನ ಮನೆಯವರೇ, ನೀವೂ ಕೇಳಿಕೊಳ್ಳಿ. ಒಬ್ಬ ತಂದೆಯ ಹೆಗಲ ಭಾರ ಇಳಿಸುವುದು ನಿಮ್ಮ ಒಂದು ಮಾತಿನಲ್ಲಿದೆ.